ಬರೆಯದೆ ಬಿಟ್ಟ ಸಾಲು

ಇದನ್ನು ಬರೆಯಬೇಕೆಂದು ಈವರೆಗೆ ಮೂರು ನೋಟ್‌ಬುಕ್ ತಂದಿದ್ದೇನೆ. ಮೊದಲನೆಯದರಲ್ಲಿ ಮೊಮ್ಮಗಳು ಚಿತ್ರ ಬರೆದಳು. ಎರಡನೆಯದರಲ್ಲಿ ನನ್ನ ಹೆಂಡತಿಯ ಬಿ.ಪಿ. ಗುರುತು ಹಾಕಿಡುತ್ತಿದ್ದೆವು. ಅವಳು ಹೋದ ಮೇಲೆ ಅದನ್ನು ತೆರೆದಿಲ್ಲ. ಮೂರನೆಯದು ಇದು. ಹೋದ ಶ್ರಾವಣದಲ್ಲಿ ವಿಶಾಖಪಟ್ಟಣದಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಅದೂ ಇದೂ ಮಾತಾಡಿ ಕೊನೆಗೆ, "ಪೆಂಡುರ್ತಿಯಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದರಲ್ಲ, ಬಿಜಾಪುರದ ಆ ಅಮ್ಮ, ತೀರಿಕೊಂಡರಂತೆ" ಎಂದರು. ನಾನು "ಹೌದೇ" ಎಂದೆ. ಫೋನಿಟ್ಟ ಮೇಲೆ ನೋಟ್‌ಬುಕ್ ಹುಡುಕಿದೆ. ಆಮೇಲೂ ಎರಡು ತಿಂಗಳು ಅದು ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ನಾನು ಎಸ್ಸೆಸ್ಸೆಲ್ಸಿಯವರೆಗೆ ಓದಿದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದೆ. ವರ್ಗವಾಗಿ ಆಂಧ್ರಕ್ಕೆ ಹೋದವನು ಹದಿನಾರು ವರ್ಷ ಅಲ್ಲೇ ಉಳಿದೆ. ಎಂಬತ್ತರ ದಶಕದ ನಡುವೆ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಒಂದು ಮನೆಯ ಅರ್ಧ ಭಾಗ ಬಾಡಿಗೆಗೆ ಹಿಡಿದಿದ್ದೆ. ಇನ್ನರ್ಧದಲ್ಲಿ ಆಕೆ ಇದ್ದರು. ಆಕೆಯ ಗಂಡ ನೌಕಾಪಡೆಯಲ್ಲಿ ಸೈಲರ್. ಅವರಿಗೆ ಕ್ವಾರ್ಟರ್ಸ್ ಸಿಕ್ಕಿತ್ತು. ಮಗಳ ವಿಷಯಕ್ಕೆ ಅಲ್ಲಿ ಅಕ್ಕಪಕ್ಕದವರು ದಿನವೂ ತಕರಾರು ಮಾಡಿದ್ದರಿಂದ ಅದನ್ನು ಬಿಟ್ಟು ಇಷ್ಟು ದೂರ ಬಂದಿದ್ದರು. ಗಂಡ ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ. ಮನೆಯಲ್ಲಿ ತಾಯಿ, ಮಗಳು, ಇಬ್ಬರೇ.

ಎತ್ತರದ ಹೆಂಗಸು. ನಡೆಯುವಾಗ ಎಡಗೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟುಕೊಂಡು ನಡೆಯುತ್ತಿದ್ದರು, ಹಿಂದೆ ಬರುವ ಯಾರೋ ಹಿಡಿದುಕೊಳ್ಳಲಿ ಎಂಬಂತೆ. ಮಗಳು ಜೊತೆಗಿಲ್ಲದಾಗಲೂ ಆ ಕೈ ಹಾಗೆಯೇ ಇರುತ್ತಿತ್ತು. ಬೆಳಿಗ್ಗೆ ಅವರ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಜೋಳದ ಹಿಟ್ಟು ಪೆಂಡುರ್ತಿಯಲ್ಲಿ ಸಿಗದು. ಊರಿನಿಂದ ಯಾರು ಬಂದರೂ ಹಿಟ್ಟು ತರಬೇಕು. "ಸೀರಿ ತರಬ್ಯಾಡ್ರಿ, ಹಿಟ್ಟ ತರ್ರಿ" ಎಂದು ಕಾಗದ ಬರೆಸುತ್ತಿದ್ದರು.

ಆಕೆಯ ತೆಲುಗು ಕೇಳಿ ಬೀದಿಯವರೆಲ್ಲ ನಗುತ್ತಿದ್ದರು. ಕನ್ನಡದ ಮಾತಿಗೆ ಒಂದು 'ಲು' ಸೇರಿಸಿದರೆ ತೆಲುಗು ಆಗುತ್ತದೆಂದು ಆಕೆಯ ನಂಬಿಕೆ. ತರಕಾರಿಯವಳಿಗೆ "ಬದನಿಕಾಯಿಲು ಎಷ್ಟಮ್ಮಾ?" ಎಂದು ಕೇಳುವರು. ತೆಲುಗಿನ ಹಿಂದೆ ಬಿಜಾಪುರದ 'ರೀ' ಹಚ್ಚಿ "ವದ್ದುರೀ, ವದ್ದುರೀ" ಎಂದು ಬೇಡವೆನ್ನುವರು. ತರಕಾರಿಯವಳೂ ಆಮೇಲಾಮೇಲೆ ತಗೊಳ್ಳಿ ಎಂಬುದಕ್ಕೆ "ತೀಸುಕೋಂಡಿರೀ" ಎನ್ನಲು ಕಲಿತಳು. ಮಗಳು ಹಾಗಲ್ಲ. ಅಲ್ಲೇ ಬೆಳೆದವಳು, ಅಲ್ಲೇ ಓದಿದವಳು, ಅವಳ ತೆಲುಗಿನಲ್ಲಿ ಯಾರೂ ಕೊಂಕು ಕಾಣುವಂತಿರಲಿಲ್ಲ. ಹೆದರಿದಾಗ, ಅಥವಾ ಕಾಯಿಲೆ ಏರಿದ ದಿನ ಮಾತ್ರ ತೆಲುಗು ಅವಳನ್ನು ಬಿಟ್ಟುಹೋಗುತ್ತಿತ್ತು. ಆಗ ತಾಯಿಯ ಕನ್ನಡವೊಂದೇ ಉಳಿಯುತ್ತಿತ್ತು.

ಕಾಯಿಲೆ ಶುರುವಾದದ್ದು ಹನ್ನೆರಡನೆಯ ವಯಸ್ಸಿಗೆ ಎಂದು ಆಕೆ ಹೇಳಿದ್ದರು. ಕೆಲವು ವಾರ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. ಕೆಲವು ವಾರ ನಿದ್ದೆಯೇ ಇಲ್ಲದೆ ಮಾತು, ನಗು, ಓಡಾಟ. ದೊಡ್ಡ ಆಸ್ಪತ್ರೆಯ ವೈದ್ಯರು ಗುಳಿಗೆ ಬರೆದುಕೊಟ್ಟಿದ್ದರು, ತಪ್ಪದೆ ಕೊಟ್ಟರೆ ಮುಕ್ಕಾಲು ಪಾಲು ನೆಟ್ಟಗಿರುತ್ತಾಳೆ ಎಂದಿದ್ದರು. ಹಾಗೆಯೇ ಇದ್ದಳು. ಆಕೆ 'ಹುಚ್ಚು' ಎಂಬ ಮಾತನ್ನು ಬಾಯಿಗೆ ತಂದದ್ದನ್ನು ನಾನು ಕೇಳಿಲ್ಲ. ಬೀದಿಯ ಹೆಂಗಸರು ಅದನ್ನೇ ತೆಲುಗಿನಲ್ಲಿ 'ಪಿಚ್ಚಿ' ಎಂದರೆ ಕೇಳಿಸದವರಂತೆ ಇರುತ್ತಿದ್ದರು. ಸಮುದ್ರದ ಅಲೆಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ನಂಬರ್ ಇರುತ್ತದೆ, ಹಡಗಿನಲ್ಲಿ ಅದನ್ನು ದಿನವೂ ಬರೆದಿಡುತ್ತಾರೆ ಎಂದು ಗಂಡ ಹೇಳಿಕೊಟ್ಟಿದ್ದರಂತೆ. ಆಕೆ ಅದನ್ನು ಮಗಳಿಗೆ ಹಚ್ಚಿದ್ದರು. ನನ್ನ ಹೆಂಡತಿ ಕಾಂಪೌಂಡಿನಿಂದ "ಹೇಗಿದ್ದಾಳೆ ಇವತ್ತು?" ಎಂದು ಕೇಳಿದರೆ, "ಎರಡು ನಂಬರ್ ಅದರಿ, ಚಿಂತಿಲ್ಲ" ಎನ್ನುವರು. ಕೆಟ್ಟ ದಿನ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಇವತ್ತ ಆರು ದಾಟೇದರಿ ವೈನಿ, ನಿಮ್ಮ ಬಾಗಲಾ ಹಾಕ್ಕೊಳ್ರಿ" ಎನ್ನುವರು. ಗಂಡನಿಗೆ ಬರೆಸುವ ಕಾಗದದಲ್ಲೂ ನಂಬರೇ.

ಕಾಯಿಲೆ ಏರಿದಾಗ ಹುಡುಗಿ ಸಾಮಾನು ಕೊಟ್ಟುಬಿಡುತ್ತಿದ್ದಳು. ಹೊಡೆಯುವುದು, ಕಚ್ಚುವುದು ಯಾವುದೂ ಇಲ್ಲ. ಕೈಗೆ ಸಿಕ್ಕಿದ್ದನ್ನು ಒಯ್ದು ಸಿಕ್ಕವರಿಗೆ ಕೊಡುವಳು. ಶಾಲೆಯ ಬೂಟು ಹಾಲಿನವನಿಗೆ, ತಂದೆಯ ಬಿಳಿ ಸಮವಸ್ತ್ರ ಇಸ್ತ್ರಿಯವನ ತಾಯಿಗೆ, ಒಮ್ಮೆ ಕುಕ್ಕರಿನ ಮುಚ್ಚಳ ಮಾತ್ರ ಅಂಚೆಯವನಿಗೆ. ಕೊಟ್ಟು ಬಂದು ಅಂಗಳದಲ್ಲಿ ನಿಂತು, ಎದೆ ಮುಟ್ಟಿಕೊಂಡು, "ನಾನೇ ಕೊಟ್ಟೆ, ನಾನೇ ಕೊಟ್ಟೆ" ಎಂದು ಸಾರುವಳು. ಗೋಡೆಯಾಚೆಯಿಂದ ಆ ಎರಡು ಪದಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ.

ಸಂಜೆ ತಾಯಿ ಚೀಲ ಹಿಡಿದು ಮನೆಮನೆಗೆ ಹೋಗಿ ಎಲ್ಲವನ್ನೂ ವಾಪಸು ತರಬೇಕು. ಮೊದಲ ಸಲ ಎದುರುಮನೆಗೆ ಹೋದಾಗ ನಾನು ಜಗುಲಿಯಲ್ಲಿದ್ದೆ. "ನಮ್ಮ ಹುಡಿಗಿ ನಿಮಗೇನರ ಕೊಟ್ಟಾಳೇನ್ರಿ?" ಎಂದು ಆಕೆ ಕೇಳಿದ್ದು. ತೆಲುಗಿನಲ್ಲಿ 'ಕೊಟ್ಟು' ಎಂದರೆ ಹೊಡೆ ಎಂದು. ಎದುರುಮನೆಯಾಕೆ ಗಾಬರಿಯಾಗಿ ಮೈ ನೋಡಿಕೊಂಡು, "ಲೇದಮ್ಮಾ, ಮೀ ಪಾಪ ಎವರ್ನೀ ಕೊಟ್ಟಲೇದು!" ಎಂದಳು, ನಿಮ್ಮ ಹುಡುಗಿ ಯಾರನ್ನೂ ಹೊಡೆದಿಲ್ಲ ಎಂದು. ಆಕೆ ಬಿಡಲಿಲ್ಲ. "ಇಲ್ರಿ, ಕೊಟ್ಟಾಳ, ನಾ ನೋಡೇನಿ, ಸ್ಟೀಲ್ ಡಬ್ಬಿ ಕೊಟ್ಟಾಳ!" ಡಬ್ಬಿಯಲ್ಲಿ ಹೊಡೆದಳೆಂದು ತಿಳಿದು ಆ ಮನೆಯ ಮುದುಕಿಯೂ ಹೊರಗೆ ಬಂದಳು. ಕೊನೆಗೆ ನಾನು ಎದ್ದುಹೋಗಿ ಎರಡು ಭಾಷೆಯ 'ಕೊಟ್ಟು'ಗಳನ್ನು ಬಿಡಿಸಿ ಹೇಳಿದೆ. ಬೀದಿಯೇ ನಕ್ಕಿತು. ಆಕೆಯೂ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯ ಶಿವನ, ದಾನ ಮಾಡಿದ್ರ ಬಡದಂಗಾತು ಈ ಊರಾಗ!" ಆ ದಿನ ಬೀದಿಯಲ್ಲಿ ನನ್ನ ಬುದ್ಧಿವಂತಿಕೆ ಹೊಗಳಿಸಿಕೊಂಡಿತು.

ಒಂದೂವರೆ ವರ್ಷದ ಮೇಲೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಗವರ್ನರ್‌ಪೇಟೆಯ ಶಾಖೆ. ಹೊರಡುವ ದಿನ ಆಕೆ ನನ್ನ ಬ್ಯಾಂಕಿನ ವಿಳಾಸ ಬರೆಸಿಕೊಂಡು ಮಗಳ ಲಂಗದ ಅಂಚಿನೊಳಗೆ ಹೊಲಿದರು. "ಎಲ್ಲೆರ ತಪ್ಪಿಸಿಕೊಂಡ್ರ ಕನ್ನಡದವರ ಒಬ್ಬರ ಹೆಸರ ಇರಲಿ ಅಣ್ಣಾರ" ಎಂದರು. ನನಗೆ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಹುಡುಗಿಗೆ ಹದಿನೈದು ತುಂಬಿದ ವರ್ಷ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಪೊಲೀಸಿನವರೊಬ್ಬರು ಆ ಚೀಟಿ ಹಿಡಿದು ಕೌಂಟರಿಗೆ ಬಂದರು. ಹಿಂದಿನ ದಿನ ಅವಳು ಒಬ್ಬಳೇ ಪೆಂಡುರ್ತಿಯ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದಳು. ತಂದೆಯ ದೊಡ್ಡ ಹಿತ್ತಾಳೆಯ ಟಾರ್ಚು ಕೈಯಲ್ಲಿತ್ತು. ಬೆಳಿಗ್ಗೆಯೆಲ್ಲ ಗವರ್ನರ್‌ಪೇಟೆಯ ಅಂಗಡಿಸಾಲಿನಲ್ಲಿ ನನ್ನ ಬ್ಯಾಂಕು ಹುಡುಕಿದ್ದಾಳೆ. ಅಲ್ಲಿ ಹಣ್ಣು ಮಾರುವವಳ ಮೂರು ವರ್ಷದ ಮಗುವೊಂದು ಮೆಟ್ಟಿಲ ಕೆಳಗೆ ಬಿದ್ದು ಕಿರುಚಿಕೊಂಡಿದೆ. ಪಕ್ಕದಲ್ಲಿ ಒಡೆದ ಟಾರ್ಚು, ಮಗುವಿನ ಕಣ್ಣಿನಲ್ಲಿ ಅದರ ಗಾಜು. ಮೇಲೆ ಈ ಹುಡುಗಿ ನಿಂತಿದ್ದಾಳೆ. ನಡೆದದ್ದನ್ನು ಕಂಡವರಿಲ್ಲ. ಜನ ಸೇರಿ "ಎವರು ಕೊಟ್ಟಾರು?" ಎಂದು, ಯಾರು ಹೊಡೆದರು ಎಂದು ಗದರಿಸಿದ್ದಾರೆ. ಹೆದರಿದ ಹುಡುಗಿ ಎದೆ ಮುಟ್ಟಿಕೊಂಡು ಉತ್ತರ ಕೊಟ್ಟಿದ್ದಾಳೆ.

ಠಾಣೆಗೆ ನಾನು ಹೋದಾಗ ಅವಳು ಬೆಂಚಿನ ಮೇಲಿದ್ದಳು. ನನ್ನನ್ನು ಕಂಡು ಎದ್ದು ನಿಂತು ನಕ್ಕಳು. "ಕಾಕಾ, ಚಿಗವ್ವ ಎಲ್ಲಿ? ಜಡಿ ಹಾಕಿಸ್ಕೊಳ್ಳಾಕ ಬಂದೆ" ಎಂದಳು. ಪೆಂಡುರ್ತಿಯಲ್ಲಿ ನನ್ನ ಹೆಂಡತಿ ಅವಳಿಗೆ ಜಡೆ ಹೆಣೆಯುತ್ತಿದ್ದಳು. ಅಷ್ಟಕ್ಕೆ ಮುನ್ನೂರೈವತ್ತು ಕಿಲೋಮೀಟರು ಬಂದಿದ್ದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸಬ್‌ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯರೇ. ಅವಳನ್ನು ಮತ್ತೊಮ್ಮೆ ಕೇಳಿದರು. ಅವಳು, "ನಾನೇ ಕೊಟ್ಟೆ. ಪಾಪೂಗ ನಾನೇ ಕೊಟ್ಟೆ" ಎಂದಳು. ಅವರು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು. "ನೇನೇ ಕೊಟ್ಟಾ ಅಂಟೋಂದಿ ಕದಂಡೀ? ಹೊಡೆದೆ ಅಂತ ತಾನೇ ಹೇಳ್ತಿದ್ದಾಳೆ? ನೀವು ಅವರ ಕಡೆಯವರು, ಹೇಳಿ. ಹೊಡೆದಿಲ್ಲ ಎಂದಾದರೆ ದಾರಿ ತಪ್ಪಿ ಬಂದ ಹುಡುಗಿ, ಅಷ್ಟೇ. ಸಹಿ ಹಾಕಿ ಮನೆಗೆ ಕರಕೊಂಡು ಹೋಗಿ. ನಾಳೆ ಅವಳ ತಾಯಿ ಬಂದು ಒಯ್ಯಲಿ."

ಆ ಭಾನುವಾರ ನನ್ನ ಮಗಳನ್ನು ನೋಡಲು ದಾವಣಗೆರೆಯಿಂದ ಗಂಡಿನವರು ಬರುವವರಿದ್ದರು. ಅಂದು ಶುಕ್ರವಾರ. ತಾಯಿ ಬರುವುದು ತಡವಾದರೆ, ಗುಳಿಗೆಯಿಲ್ಲದ ಈ ಹುಡುಗಿ ನಮ್ಮ ಎರಡು ಕೋಣೆಯ ಮನೆಯಲ್ಲಿ, ಆ ಜನರ ಮುಂದೆ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು. ದೊಡ್ಡ ಕಾರಣ ಏನಾದರೂ ಇತ್ತೆಂದು ಹೇಳಿಕೊಳ್ಳಲು ಈ ಮೂವತ್ತು ವರ್ಷ ಹುಡುಕಿದ್ದೇನೆ. ಇರಲಿಲ್ಲ.

"ಅಲಾಗೇ ವಿನಪಡುತೋಂದಂಡೀ" ಎಂದೆ. ಹಾಗೇ ಕೇಳಿಸುತ್ತಿದೆ ಎಂದು. ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದೆ. ಅವಳನ್ನು ಮಕ್ಕಳ ವೀಕ್ಷಣಾಲಯಕ್ಕೆ ಕರೆದೊಯ್ದರು. ಹೆಂಡತಿಗೆ, ಪೊಲೀಸರು ಬಿಡಲಿಲ್ಲ ಎಂದೆ. ಅವಳು ಅದನ್ನು ನಂಬಿಯೇ ತೀರಿಕೊಂಡಳು.

ಟಾರ್ಚು ಕೊಟ್ಟಳೋ, ಕೊಡುವಾಗ ಮಗು ಜಾರಿತೋ, ಇಲ್ಲ ನಿಜವಾಗಿ ಹೊಡೆದಳೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಮಗುವಿನ ಒಂದು ಕಣ್ಣು ಹೋಯಿತು, ಅದು ಸುಳ್ಳಲ್ಲ. ಆದರೆ ಅವಳು ಹೇಳಿದ್ದು ಏನೆಂದು ನನಗೆ ಗೊತ್ತಿತ್ತು.

ಮಕ್ಕಳ ನ್ಯಾಯಾಲಯದ ಮ್ಯಾಜಿಸ್ಟ್ರೇಟರು ಹೆಂಗಸು, ಮೆತ್ತಗೆ ಮಾತಾಡುವವರು. ಪಕ್ಕದಲ್ಲಿ ಇಬ್ಬರು ಸಮಾಜಸೇವಕರು ಕೂತಿದ್ದರು. ಅಷ್ಟರೊಳಗೆ ಹುಡುಗಿ ಗೋಡೆಯ ಕಡೆ ತಿರುಗುವ ಸ್ಥಿತಿಗೆ ಇಳಿದಿದ್ದಳು. ಏನು ಕೇಳಿದರೂ ಮಾತಿಲ್ಲ. ಗಂಡ ಸಮುದ್ರದ ಮೇಲಿದ್ದರು. ತಾಯಿ ಒಬ್ಬರೇ ಬಂದಿದ್ದರು. ಸಾಕ್ಷಿಯೆಂದು ನನ್ನನ್ನೂ ಕರೆಸಿದ್ದರು. ಪೊಲೀಸರ ವರದಿಯನ್ನು ತೆಲುಗಿನಲ್ಲಿ ಓದುತ್ತ 'ನೇನೇ ಕೊಟ್ಟಾನು' ಎಂಬಲ್ಲಿಗೆ ಬಂದಾಗ ಆಕೆ ಎದ್ದು ನಿಂತರು.

"ಅದು ಕನ್ನಡರೀ ಬಾಯಾರ! ತೆಲುಗಲ್ರಿ! ಕೊಟ್ಟೆ ಅಂದ್ರ ಗಿವ್ ರೀ, ಗಿವ್! ಹೀಂಗ!" ಎಂದು ಕುತ್ತಿಗೆಯ ಸರ ತೆಗೆದು ಮೇಜಿನತ್ತ ಚಾಚಿದರು. ಅಲ್ಲಿದ್ದವರಿಗೆ ಲಂಚವೇನೋ ಎನ್ನಿಸಿ ಗುಸುಗುಸು ಎದ್ದಿತು. ಆಕೆ ಸರ ಹಿಡಿದ ಕೈಯನ್ನು ನನ್ನ ಕಡೆ ತಿರುಗಿಸಿ, "ಆ ಅಣ್ಣಾರಿಗೆ ಗೊತ್ತದ. ಅವರನ್ನ ಕೇಳ್ರಿ. ನಮ್ಮ ಓಣ್ಯಾಗ ಎಲ್ಲಾರಿಗೂ ಅವರ ತಿಳಿಸಿ ಹೇಳ್ಯಾರ" ಎಂದರು.

ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ಆ ದಿನ ಹುಡುಗಿ ಯಾವ ಭಾಷೆಯಲ್ಲಿ ಹೇಳಿದಳು, ಸರಿಯಾಗಿ ನೆನಪು ಮಾಡಿಕೊಂಡು ಹೇಳಿ ಎಂದರು. ನನ್ನ ಸಹಿ ಅವರ ಮುಂದಿನ ಕಾಗದದ ಮೇಲಿತ್ತು. ನನ್ನ ಮಗಳ ಮದುವೆಯ ಮಾತು ಕೂಡಿಬಂದಿತ್ತು. ಸುಳ್ಳು ಸಹಿ ಹಾಕಿದವನೆಂದು ಬ್ಯಾಂಕಿಗೆ ತಿಳಿದರೆ ಎಂಬ ಭಯ. "ಸರಿಗ್ಗಾ ವಿನಪಡಲೇದು ಮೇಡಂ" ಎಂದೆ. ಸರಿಯಾಗಿ ಕೇಳಿಸಲಿಲ್ಲ.

ಅಷ್ಟು ತೆಲುಗು ಆಕೆಗೆ ಬರುತ್ತಿತ್ತು. ಸರವನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳಲು ಹೋದರು. ಕೊಂಡಿ ಸಿಗದೆ ಬಹಳ ಹೊತ್ತು ಕುತ್ತಿಗೆಯ ಹಿಂದೆ ಕೈಯಾಡಿಸುತ್ತ ನಿಂತರು. ಹುಡುಗಿಯನ್ನು ಹದಿನೆಂಟು ತುಂಬುವವರೆಗೆ ವಿಶೇಷ ಗೃಹದಲ್ಲಿಡಲು, ಚಿಕಿತ್ಸೆ ಕೊಡಿಸಲು ಆದೇಶವಾಯಿತು.

ಇದಿಷ್ಟೇ ಆಗಿದ್ದರೆ ಬಹುಶಃ ಎಂದೋ ಬರೆದುಬಿಡುತ್ತಿದ್ದೆ. ಹೇಡಿತನ ಒಂದು ಗಳಿಗೆಯದು, ಜನ ಕ್ಷಮಿಸುತ್ತಾರೆ. ಮುಂದಿನದು ಎರಡೂವರೆ ವರ್ಷ ನಡೆಯಿತು.

ಎರಡು ವಾರಕ್ಕೊಮ್ಮೆ ಗುರುವಾರ ಆಕೆ ಮಗಳನ್ನು ನೋಡಲು ವಿಜಯವಾಡಕ್ಕೆ ಬರುತ್ತಿದ್ದರು. ಅಲ್ಲಿಂದ ನೇರ ನನ್ನ ಬ್ಯಾಂಕಿಗೆ. ಗಿರಾಕಿಗಳ ಬೆಂಚಿನ ಕೊನೆಗೆ ಕೂತು ನನ್ನ ಟೀ ವೇಳೆಯವರೆಗೆ ಕಾಯುವರು. ಮೊದಲ ಸಲ ಕಂಡಾಗ ಜಗಳಕ್ಕೇ ಬಂದಿದ್ದಾರೆಂದುಕೊಂಡೆ. ಆಕೆ ಬಟ್ಟೆಯ ಗಂಟು ಬಿಚ್ಚಿ, "ಎರಡು ರೊಟ್ಟಿ ವೈನಿಗೆ. ಅಣ್ಣಾರ, ಒಂದು ಅರ್ಜಿ ಬರದ ಕೊಡ್ರಿ" ಎಂದರು. ಹುಡುಗಿಗೆ ಗುಳಿಗೆ ದಿನ ಬಿಟ್ಟು ದಿನ ಸಿಗುತ್ತಿದೆ, ತಪ್ಪಬಾರದು. ದೊಡ್ಡ ಆಸ್ಪತ್ರೆಗೆ ತೋರಿಸಬೇಕು. ತಲೆ ಬೋಳಿಸಬಾರದು. ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಅರ್ಜಿ. ಆಕೆ ಕನ್ನಡದಲ್ಲಿ ಹೇಳುವರು, ನಾನು ನನಗೆ ಬರುವ ಇಂಗ್ಲಿಷಿನಲ್ಲಿ, ಕಾರ್ಬನ್ ಇಟ್ಟು ಬರೆಯುವೆ. ಆಕೆ ಕನ್ನಡದಲ್ಲಿ ಸಹಿ ಮಾಡುವರು. ಒಂದು ಪ್ರತಿ ಕಚೇರಿಗೆ, ಒಂದು ಆಕೆಗೆ.

ಪ್ರತಿ ಅರ್ಜಿಯ ಕೊನೆಗೂ ಆಕೆ ಬೆರಳೆತ್ತಿ ಒಂದು ಸಾಲು ಹೇಳುವರು. "ನಮ್ಮ ಹುಡಿಗಿ ಹೊಡದೆ ಅಂದಿಲ್ಲ, ಕೊಟ್ಟೆ ಅಂದಾಳ, ಅದು ಕನ್ನಡ. ಇದನ್ನ ದಪ್ಪ ಅಕ್ಷರದಾಗ ಬರೀರಿ."

ನಾನು ಬರೆಯುತ್ತಿರಲಿಲ್ಲ. ಆ ಸಾಲು ಯಾರ ಕಣ್ಣಿಗೆ ಬಿದ್ದರೂ ನನ್ನನ್ನು ಕರೆಸುತ್ತಾರೆ. ಅದರ ಜಾಗದಲ್ಲಿ, ತಮ್ಮ ಕೃಪೆಗೆ ಚಿರಋಣಿ ಎಂಬ ಅರ್ಥದ ಸಾಲೊಂದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಆಕೆ ಬಗ್ಗಿ ನೋಡಿ, "ಇದ ಏನ್ರಿ ಆ ಸಾಲು?" ಎಂದು ಬೆರಳಿಡುವರು. "ಹೌದಮ್ಮಾ" ಎನ್ನುವೆ. ಅರ್ಜಿಗಳು ಇಪ್ಪತ್ತರ ಮೇಲೆ ಹೋದವು. ಇಪ್ಪತ್ತು ಸಲವೂ "ಹೌದಮ್ಮಾ" ಎಂದೆ. ಮನೆಗೆ ಬಂದು ರೊಟ್ಟಿ ತಿಂದೆ.

ಬೆಂಚಿನ ಮೇಲೆ ಕೂತಾಗ ಆಕೆ ಸುಮ್ಮನೆ ಇರುತ್ತಿರಲಿಲ್ಲ. ಪಾಸ್‌ಬುಕ್ ಹಿಡಿದ ಮುದುಕರ ಜೊತೆ ತನ್ನ ತೆಲುಗಿನಲ್ಲಿ ಹರಟುವರು. ನಮ್ಮ ಮ್ಯಾನೇಜರು ಒಮ್ಮೆ, "ಏಮ್ಮಾ, ಖಾತೆ ಇಲ್ಲದೆ ಬೆಂಚು ಆಕ್ರಮಿಸಿದ್ದೀರಿ" ಎಂದು ತಮಾಷೆ ಮಾಡಿದರೆ, "ನಮ್ಮದು ಅಣ್ಣಾರ ಖಾತಾರೀ" ಎಂದರು. ಎಲ್ಲರೂ ನಕ್ಕರು. ಯಾವತ್ತೂ ನಂಬರ್ ಹೇಳುತ್ತಿದ್ದವರು ಮಗಳು ಒಳಗೆ ಹೋದ ಮೇಲೆ ಹೇಳುವುದನ್ನು ಬಿಟ್ಟಿದ್ದರು. ಒಮ್ಮೆ ನಾನೇ ಕೇಳಿದೆ. "ಇಲ್ಲಿ ಅಳತಿ ಮಾಡೋರ್ಯಾರ್ರಿ" ಎಂದರು.

ಹುಡುಗಿ ಹೊರಗೆ ಬಂದ ವರ್ಷವೇ ಆಕೆಯ ಗಂಡ ನೌಕರಿ ಬಿಟ್ಟು ಮನೆಗೆ ಬಂದರು. ಆಮೇಲೆ ಆಕೆ ವಿಜಯವಾಡಕ್ಕೆ ಬರುವ ಕಾರಣ ಉಳಿಯಲಿಲ್ಲ. ನಾನು ನಿವೃತ್ತಿಯ ಮುಂಚಿನ ವರ್ಷ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಬ್ಯಾಂಕಿನ ಕೆಲಸಕ್ಕೆ ವಿಶಾಖಪಟ್ಟಣಕ್ಕೆ ಹೋದವನು ಮನಸ್ಸು ಗಟ್ಟಿ ಮಾಡಿ ಪೆಂಡುರ್ತಿಯ ಬಸ್ಸು ಹತ್ತಿದೆ. ಅದೇ ಮನೆ. ಆಕೆಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಗಂಡ ಪೇಟೆಗೆ ಹೋಗಿದ್ದರು. ನಾನು ಕೂತವನೇ, ನೀರು ಕುಡಿಯುವ ಮೊದಲೇ ಎಲ್ಲ ಹೇಳಿದೆ. ಠಾಣೆಯದು, ಕೋರ್ಟಿನದು, ಅರ್ಜಿಗಳದು.

ಆಕೆಯ ಕೈ ಮೊರದಲ್ಲಿ ಆಡುತ್ತಲೇ ಇತ್ತು.

"ಗೊತ್ತದರಿ. ಇವರು ಮೊದಲನೇ ಸಲ ರಜಾಕ್ಕ ಬಂದಾಗ ಕಾರ್ಬನ್ ಕಾಪಿ ಓದಿ ಹೇಳಿದ್ರು, ಆ ಸಾಲ ಇಲ್ಲ ಇದರಾಗ ಅಂತ."

"ಮತ್ತೆ? ಆಮೇಲೂ ಬಂದಿರಲ್ಲಮ್ಮಾ, ಎರಡು ವರ್ಷ?"

"ಎಲ್ಲಿ ಹೋಗ್ಲಿ? ಆ ಊರಾಗ ನನ್ನ ಮಾತ ತಿಳಿಯೋರು ನೀವೊಬ್ರು. ಗುಳಗಿದರ ಬರೀತಿದ್ರಿ. ಇಪ್ಪತ್ತ ಸಲ ಹೇಳಿದ್ರ ಒಮ್ಮೆರ ಕೈ ಬರೀತದ ಅಂತ ಹೇಳ್ತಿದ್ದೆ." ಒಂದು ಕಲ್ಲು ಆರಿಸಿ ಎಸೆದರು. "ಬರೀಲಿಲ್ಲ."

"ನನ್ನನ್ನು ಕ್ಷಮಿಸಬೇಕು" ಎಂದೆ.

"ನನಗ್ಯಾಕ ಕೇಳ್ತೀರಿ? ನಾ ಏನು ಎರಡೂವರಿ ವರ್ಷ ಒಳಗಿದ್ದೆನ? ಆಕಿ ಅಲ್ಲೇ ಕುಂತಾಳ. ಈಗ ಯಾರಿಗೂ ಏನೂ ಕೊಡೂದಿಲ್ಲ, ಅಂಜಬ್ಯಾಡ್ರಿ. ಗಂಗಾಳದಾಗಿನ ತುತ್ತೂ ಕೈಯಾಗ ಹಿಡಕೊಂಡ ಕುಂತಿರತಾಳ. ಹೋಗ್ರಿ, ಆಕಿಗೆ ಕೇಳ್ರಿ."

ಬಾಗಿಲವರೆಗೆ ಹೋದೆ. ಮಂಚದ ಅಂಚಿನಲ್ಲಿ ಕೂತಿದ್ದಳು. ಕೂದಲು ಕಿವಿಯವರೆಗೆ ಕತ್ತರಿಸಿತ್ತು. ಎರಡು ಕೈಯೂ ಮಡಿಲಲ್ಲಿ ಮುಷ್ಟಿ ಕಟ್ಟಿದ್ದವು. ನನ್ನನ್ನು ನೋಡಿದಳು. ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. "ಆರಾಮಿದ್ದೀಯೇನಮ್ಮಾ?" ಎಂದೆ. "ಹೂಂ" ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಅಂಗಳದ ಕಡೆ ಹೇಳಿ ಹೊರಟುಬಿಟ್ಟೆ. ಆಕೆ ತಲೆಯೆತ್ತಲಿಲ್ಲ.

ಈಗ ತಾಯಿಯೂ ಇಲ್ಲ, ತಂದೆ ಮೊದಲೇ ಹೋಗಿದ್ದರು. ಮಗಳು ಪೆಂಡುರ್ತಿಯಿಂದ ಆಚೆ ಹೆಂಗಸರ ಆಶ್ರಯಧಾಮವೊಂದರಲ್ಲಿದ್ದಾಳಂತೆ. ಫೋನ್ ಮಾಡಿದ ಗೆಳೆಯರು ಅಲ್ಲಿಯ ನಂಬರನ್ನೂ ಕೊಟ್ಟಿದ್ದಾರೆ. ಎರಡು ತಿಂಗಳಾಯಿತು.

ತಾಯಿಯ ಹೆಸರನ್ನು ನಾನು ಎಲ್ಲೂ ಬರೆದಿಲ್ಲ. ಕೋರ್ಟಿನ ಕಾಗದಗಳಲ್ಲಿ ತನ್ನ ಹೆಸರು ಓದಿದಾಗಲೆಲ್ಲ ಆಕೆ ಮುಖ ತಿರುಗಿಸುತ್ತಿದ್ದರು, ಅದಕ್ಕೆ. ಮಗಳ ಹೆಸರು ಬರೆಯದೆ 'ಹುಡುಗಿ, ಹುಡುಗಿ' ಎಂದು ಇಷ್ಟು ದೂರ ಬಂದದ್ದಕ್ಕೆ ಅಂಥ ಮರ್ಯಾದೆಯ ಕಾರಣವಿಲ್ಲ. ಹೆಸರು ಬರೆದರೆ ಅವಳು ಠಾಣೆಯ ಬೆಂಚಿನಿಂದ ಎದ್ದು ನಿಲ್ಲುತ್ತಾಳೆ. ತಾಯಿಯ ಹತ್ತಿರ ಕ್ಷಮೆ ಕೇಳಿದ್ದು ಸುಲಭವಾಗಿತ್ತು. ನಾನು ಕೇಳಬೇಕಾಗಿದ್ದದ್ದು, ಇವತ್ತಿನವರೆಗೂ ಕೇಳದೆ ಉಳಿದದ್ದು, ಅವಳನ್ನು. ಸುನಂದಾಳನ್ನು.